ಷರಾ ಕಾಲಂ



ನಗರ ಪಾಲಿಕೆ ಒಂದು ಹೊಸ ಉಪವಿಧಿಯನ್ನು, ಅಂದರೆ ಜನ ಬೈಲಾ ಎಂದು ಕರೆಯುವುದನ್ನು, ತರುವ ಮುಂಚೆ ಒಂದು ಪ್ರಕಟಣೆ ಹೊರಡಿಸಬೇಕು. ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ಸಂದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಓದಲು ಕಷ್ಟವಾಗುವ ಅಕ್ಷರದಲ್ಲಿ ಅದು ಅಚ್ಚಾಗುತ್ತದೆ. ಇರುವುದು ಒಂದೇ ವಾಕ್ಯ, ಓಡುವುದು ಹತ್ತು ಹನ್ನೆರಡು ಸಾಲು. ಇಂಥ ಅಧಿನಿಯಮದ ಇಂಥ ಪ್ರಕರಣದ ಮೂಲಕ ಪ್ರದತ್ತವಾದ ಅಧಿಕಾರ ಚಲಾಯಿಸಿ ರಚಿಸಲು ಉದ್ದೇಶಿಸಿರುವ ಕರಡನ್ನು, ಅದರಿಂದ ಬಾಧಿತರಾಗುವ ಸಂಭವವಿರುವ ಎಲ್ಲರ ಮಾಹಿತಿಗಾಗಿ ಪ್ರಕಟಿಸಲಾಗಿದೆ, ಇಷ್ಟು ದಿನದೊಳಗೆ ಆಕ್ಷೇಪಣೆ ಅಥವಾ ಸಲಹೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬ ಧಾಟಿ. ಅದನ್ನು ಹೇಗೋ ಓದಿದವರೊಬ್ಬರು ಆಕ್ಷೇಪಣೆ ಬರೆದು ಕಚೇರಿಗೆ ತಲುಪಿಸುತ್ತಾರೆ ಎನ್ನೋಣ. ಟಪಾಲು ವಿಭಾಗದವರು ಪ್ರತಿಯ ಮೇಲೆ ಮೊಹರು ಒತ್ತಿ ವಾಪಸು ಕೊಡುತ್ತಾರೆ. ಮೂಲಪ್ರತಿ ಕಡತ ಸೇರುತ್ತದೆ. ಆಮೇಲೆ ಒಂದು ಪಟ್ಟಿ ತಯಾರಾಗುತ್ತದೆ. ಕ್ರಮಸಂಖ್ಯೆ, ಹೆಸರು ಮತ್ತು ವಿಳಾಸ, ಆಕ್ಷೇಪಣೆಯ ಸಾರಾಂಶ, ಕೊನೆಗೆ ಷರಾ. ಈ ಷರಾ ಕಾಲಂನಲ್ಲಿ 'ಪರಿಶೀಲಿಸಲಾಗಿದೆ' ಎಂದು ಒಮ್ಮೆ ಬರೆದು, ಕೆಳಗಿನ ಸಾಲುಗಳಿಗೆಲ್ಲ ಎರಡೆರಡು ಗೀಟು ಎಳೆದರೆ ಕಾನೂನು ಕೇಳಿದಷ್ಟು ಕೆಲಸ ಮುಗಿದಂತೆ. ಇಂದಿನ ನನ್ನ ಮಾತೆಲ್ಲ ಈ ಷರಾ ಕಾಲಂ ಕುರಿತದ್ದು. ನಮ್ಮ ನಗರಗಳಲ್ಲಿ ಜನ ಮಾತಾಡುವುದಕ್ಕೆ ಜಾಗವೇ ಇಲ್ಲ ಎಂಬ ದೂರು ಹಳೆಯದು. ಅದು ಪೂರ್ತಿ ನಿಜವಲ್ಲ. ಮಾತಾಡುವುದಕ್ಕೆ ಜಾಗ ಅಷ್ಟಿಷ್ಟು ಇದೆ. ಆ ಮಾತಿಗೆ ಉತ್ತರ ಕೊಡಬೇಕಾದ ಬಾಧ್ಯತೆ ಮಾತ್ರ ಯಾರ ಮೇಲೂ ಇಲ್ಲ. ಕೊರತೆ ಇರುವುದು ಅಲ್ಲಿ ಎಂಬುದು ನನ್ನ ವಾದ.

ಕಾನೂನಿನ ನೆಲೆಯನ್ನು ಮೊದಲು ನೋಡಿಬಿಡೋಣ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಉಪವಿಧಿ ಮಾಡುವ ಅಧಿಕಾರವನ್ನು ಪಾಲಿಕೆಗೆ ಕೊಟ್ಟಿತು, ಜೊತೆಗೆ ಪೂರ್ವಪ್ರಕಟಣೆಯ ಷರತ್ತನ್ನೂ ಸರ್ಕಾರದ ಮಂಜೂರಾತಿಯನ್ನೂ ಕಟ್ಟಿಹಾಕಿತು. ಪೂರ್ವಪ್ರಕಟಣೆ ಎಂದರೇನು ಎಂಬುದಕ್ಕೆ ನಾವು ಇವತ್ತಿಗೂ ಅನುಸರಿಸುವ ಅಚ್ಚು ಬ್ರಿಟಿಷರ ಕಾಲದ್ದು, 1897ರ ಜನರಲ್ ಕ್ಲಾಸಸ್ ಆಕ್ಟ್‌ನದು. ಕರಡು ಪ್ರಕಟಿಸಬೇಕು, ದಿನಾಂಕ ಗೊತ್ತುಮಾಡಬೇಕು, ಆ ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು ಎನ್ನುತ್ತದೆ ಅದರ 23ನೆಯ ಪ್ರಕರಣ. ಇಲ್ಲಿಯವರೆಗೆ ಸರಿ. ಅದೇ ಪ್ರಕರಣದ ಕೊನೆಯ ಖಂಡ ಇನ್ನೊಂದು ಮಾತು ಹೇಳುತ್ತದೆ: ಪೂರ್ವಪ್ರಕಟಣೆಯ ನಂತರ ಮಾಡಿದ್ದು ಎಂದು ರಾಜ್ಯಪತ್ರದಲ್ಲಿ ಅಚ್ಚಾದರೆ ಸಾಕು, ಅದನ್ನು ಕ್ರಮಬದ್ಧವಾಗಿಯೇ ಮಾಡಲಾಗಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಪರಿಗಣಿಸಿದ್ದೇವೆ ಎಂದು ನಾವು ಹೇಳಿದ ಮೇಲೆ ಪರಿಗಣಿಸಿದ್ದೇವೆ ಎಂದಾಯಿತು, ಇಷ್ಟೆ. ಪರೀಕ್ಷೆ ಬರೆದವನೇ ಅಂಕವನ್ನೂ ಹಾಕಿಕೊಳ್ಳುವ ಈ ಏರ್ಪಾಟನ್ನು ವಸಾಹತು ಸರ್ಕಾರ ಮಾಡಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಗಣರಾಜ್ಯವಾಗಿ ಇಷ್ಟು ದಶಕಗಳಾದ ಮೇಲೂ ನಗರದ ಬೀದಿ, ಚರಂಡಿ, ಕಸ, ಅಂಗಡಿ ಫಲಕಗಳ ಕಾನೂನುಗಳು ಅದೇ ದಾರಿಯಲ್ಲಿ ಹುಟ್ಟುತ್ತಿರುವುದು ಆಶ್ಚರ್ಯ.

1992ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿ 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿ ಇದನ್ನು ಸರಿಪಡಿಸಬಹುದಿತ್ತು. ಅದು ನಗರಾಡಳಿತಕ್ಕೆ ಸಂವಿಧಾನದ ಸ್ಥಾನ ಕೊಟ್ಟಿತು, ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿಮಾಡಿತು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ವಾರ್ಡ್ ಸಮಿತಿ ಇರಬೇಕೆಂದಿತು. ಆದರೆ ಅದರ ಜೊತೆಗೇ ಬಂದ 73ನೆಯ ತಿದ್ದುಪಡಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಹಳ್ಳಿಗೆ ಗ್ರಾಮಸಭೆ ಸಿಕ್ಕಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನಗರಕ್ಕೆ ಅಂಥದ್ದೇನೂ ಸಿಗಲಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೆ ಸುಮಾರು 400 ಜನರಿಗೆ ಒಬ್ಬ ಸದಸ್ಯ. 2011ರ ಜನಗಣತಿಯ ಪ್ರಕಾರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ವ್ಯಾಪ್ತಿಯಲ್ಲಿದ್ದವರು 84 ಲಕ್ಷ, ವಾರ್ಡುಗಳು 198. ಅಂದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42 ಸಾವಿರ ಜನ. 400 ಜನರ ಪ್ರತಿನಿಧಿಗೆ ಗ್ರಾಮಸಭೆಯ ಅಂಕುಶ ಬೇಕು, 42 ಸಾವಿರ ಜನರ ಪ್ರತಿನಿಧಿಗೆ ಬೇಡ ಎನ್ನುವ ಲೆಕ್ಕ ಯಾವ ಮಗ್ಗಿಯಲ್ಲಿದೆಯೋ ತಿಳಿಯದು.

ವಾರ್ಡ್ ಸಮಿತಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ಈಗಿನ ರೂಪದ ವಾರ್ಡ್ ಸಮಿತಿಗಳಿಗೆ ನಿಯಮ ಬಂದದ್ದು 2016ರಲ್ಲಿ. ಕಾರ್ಪೊರೇಟರ್ ಅಧ್ಯಕ್ಷರು, ನಾಮನಿರ್ದೇಶನಗೊಂಡ ಹತ್ತು ಸದಸ್ಯರು, ತಿಂಗಳಿಗೊಂದು ಸಭೆ. ಹೈಕೋರ್ಟ್ ಮತ್ತೆ ಮತ್ತೆ ತಿವಿದ ಮೇಲೆ 2018ರ ಡಿಸೆಂಬರ್‌ನಿಂದ ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಭೆ ನಡೆಸುವ ರೂಢಿ ಶುರುವಾಯಿತು. ಇದು ಸಣ್ಣ ಸಾಧನೆಯಲ್ಲ. ಬೀದಿದೀಪ, ಗುಂಡಿ, ಕಸದ ಆಟೊ, ನೀರಿನ ಸೋರಿಕೆ ಇವುಗಳ ಬಗ್ಗೆ ಎಂಜಿನಿಯರನ್ನು ಎದುರಿಗೆ ಕೂರಿಸಿ ಕೇಳುವ ಅವಕಾಶ ಸಿಕ್ಕಿತು. ಆದರೆ ಉಪವಿಧಿಯ ಕರಡು ವಾರ್ಡ್ ಸಮಿತಿಗೆ ಬರಬೇಕೆಂಬ ಕಟ್ಟುಪಾಡು ಹುಟ್ಟಲಿಲ್ಲ. ಬೀದಿಯ ದೂರು ಹೇಳಿಕೊಳ್ಳಲು ವಾರ್ಡ್ ಸಮಿತಿ. ಆ ಬೀದಿಯನ್ನು ಆಳುವ ಕಾನೂನು ಬರೆಯಲು ಹಡ್ಸನ್ ವೃತ್ತದ ಪಾಲಿಕೆ ಕಚೇರಿ. ಇವೆರಡಕ್ಕೂ ನಡುವೆ ಸೇತುವೆ ಇಲ್ಲ.

ಸೇತುವೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ 2018ರ ಜೂನ್ ತಿಂಗಳ ನಾಯಿ ಪ್ರಸಂಗ ಒಳ್ಳೆಯ ಉದಾಹರಣೆ. ಸಾಕುನಾಯಿಗಳಿಗೆ ಪರವಾನಗಿ ಕೊಡುವ ಉಪವಿಧಿಯೊಂದನ್ನು ಪಾಲಿಕೆ ಹೊರತಂದಿತು. ಅಪಾರ್ಟ್‌ಮೆಂಟಿನಲ್ಲಾದರೆ ಮನೆಗೆ ಒಂದು ನಾಯಿ, ಬಿಡಿ ಮನೆಯಲ್ಲಾದರೆ ಮೂರು, ಸಾಕಬಹುದಾದ ತಳಿಗಳದೊಂದು ಪಟ್ಟಿ. ಊರು ಮಾತಾಡಲು ಶುರುಮಾಡಿದ್ದು ಇದು ಹೊರಬಿದ್ದ ಮೇಲೆ. ಮನೆಯಲ್ಲಿ ಈಗಾಗಲೇ ಎರಡು ನಾಯಿ ಇರುವವರು ಒಂದನ್ನು ಎಲ್ಲಿ ಬಿಡಬೇಕು? ಬೀದಿಯಿಂದ ಎತ್ತಿ ತಂದು ಸಾಕಿದ ನಾಡನಾಯಿಯನ್ನು ಯಾವ ತಳಿಯ ಹೆಸರಿನಲ್ಲಿ ಬರೆಸಬೇಕು? ನಾಯಿಯನ್ನು ಬೀದಿಗೆ ಬಿಡಬೇಡಿ ಎಂದು ಹೇಳುವ ಪಾಲಿಕೆಯೇ ಬಿಡುವಂತೆ ಮಾಡುತ್ತಿದೆಯಲ್ಲ? ಎಲ್ಲವೂ ನೆಟ್ಟಗಿನ ಪ್ರಶ್ನೆಗಳು. ನಾಯಿ ಸಾಕಿದ ಯಾರನ್ನು ಕೇಳಿದ್ದರೂ ಐದು ನಿಮಿಷದಲ್ಲಿ ಹೇಳುತ್ತಿದ್ದರು. ಕೂಗು ಜೋರಾಗಿ, ಕೆಲವೇ ದಿನಗಳಲ್ಲಿ ಪಾಲಿಕೆ ಅದನ್ನು ತಡೆಹಿಡಿಯಿತು. ಇದನ್ನು ಜನಾಭಿಪ್ರಾಯದ ಗೆಲುವು ಎಂದು ಹಲವರು ಬಣ್ಣಿಸಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಪಕ್ಕದ ಫ್ಲ್ಯಾಟಿನ ನಾಯಿ ರಾತ್ರಿಯಿಡೀ ಬೊಗಳುವುದರಿಂದ ನಿದ್ದೆಗೆಟ್ಟವರೂ ಈ ಊರಿನವರೇ, ಮಗುವನ್ನು ನಾಯಿ ಕಚ್ಚಿದ ಮನೆಯವರೂ ಈ ಊರಿನವರೇ. ಅವರ ಅಹವಾಲು ಎಲ್ಲಿ ಹೋಯಿತು? ಉಪವಿಧಿ ತಂದಾಗಲೂ ಕಾರಣ ಹೇಳಲಿಲ್ಲ, ಹಿಂದೆ ಸರಿದಾಗಲೂ ಕಾರಣ ಹೇಳಲಿಲ್ಲ. ಕೇಳದೆ ತರುವುದೂ ಗದ್ದಲಕ್ಕೆ ಹೆದರಿ ಬಿಡುವುದೂ ಒಂದೇ ರೋಗದ ಎರಡು ಲಕ್ಷಣಗಳು.

ಕಸದ ವಿಷಯ ಇದಕ್ಕಿಂತ ಹೆಚ್ಚು ಕಲಿಸುತ್ತದೆ, ಅದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿದಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ರಾಶಿಬಿತ್ತು. ಹೊರೆಯೆಲ್ಲ ನಗರದ ಹೊರಗಿನ ಮಂಡೂರು ಗ್ರಾಮದ ಮೇಲೆ ಬಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ಕಡ್ಡಾಯ ಎಂದ ಮಾತ್ರಕ್ಕೆ ಎಲ್ಲರೂ ವಿಂಗಡಿಸಲಿಲ್ಲ, ವಿಂಗಡಿಸಿ ಕೊಟ್ಟವರ ಕಸವೂ ಒಂದೇ ಲಾರಿಯಲ್ಲಿ ಬೆರೆತುಹೋಗುತ್ತಿತ್ತು. ಆದರೆ ಕೆಲವು ಬಡಾವಣೆಗಳಲ್ಲಿ, ಹೆಚ್ಚಾಗಿ ಹೆಂಗಸರ ಮುಂದಾಳ್ತನದಲ್ಲಿ, ನಿವಾಸಿಗಳು ತಾವೇ ಒಂದು ಪದ್ಧತಿ ಹುಡುಕಿಕೊಂಡಿದ್ದರು. ಹಸಿ ಕಸಕ್ಕೆ ಹಸಿರು ಡಬ್ಬಿ, ಬಳಸಿ ಬಿಸಾಡಿದ ಸ್ಯಾನಿಟರಿ ಪ್ಯಾಡು, ಡೈಪರು, ಬ್ಯಾಂಡೇಜುಗಳಂಥವಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. ಪೌರಕಾರ್ಮಿಕರ ಕೈ ಯಾವುದಕ್ಕೆ ತಾಗಬಾರದು ಎಂಬುದನ್ನು ನೋಡಿ ಮಾಡಿದ ವಿಂಗಡಣೆ ಇದು. ಯಾವ ಕಚೇರಿಯ ಟಿಪ್ಪಣಿಯಿಂದಲೂ ಹುಟ್ಟಿದ್ದಲ್ಲ. ಈ ಪದ್ಧತಿ ಪಾಲಿಕೆಯ ಸಭೆಯ ಮೂಲಕ ಕಾನೂನಾಯಿತೆ? ಇಲ್ಲ. 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆಯಲ್ಲಿ ಅದು ಹೈಕೋರ್ಟಿನ ಮುಂದೆ ಬಂದು, 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಆದೇಶವಾಗಿ ಇಡೀ ನಗರಕ್ಕೆ ಅನ್ವಯವಾಯಿತು. 2016ರ ಏಪ್ರಿಲ್‌ನಲ್ಲಿ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಂದು ವರ್ಷದೊಳಗೆ ಉಪವಿಧಿ ಮಾಡಿಕೊಳ್ಳಿ ಎಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಬೆಂಗಳೂರಿನ ಉಪವಿಧಿ ಬಂದದ್ದು 2020ರಲ್ಲಿ. ನಿವಾಸಿಗಳ ಅನುಭವ, ನ್ಯಾಯಾಲಯದ ಆದೇಶ, ಕೇಂದ್ರದ ನಿಯಮ ಎಲ್ಲ ಮುಗಿದು ಕೊನೆಯಲ್ಲಿ ಪಾಲಿಕೆಯ ಕಾನೂನು. ಮನೆಯವರೆಲ್ಲ ಉಂಡು ಕೈತೊಳೆದ ಮೇಲೆ ಎಲೆ ಹಾಕಿದ ಹಾಗಾಯಿತು.

ಇಲ್ಲಿ ನ್ಯಾಯಾಲಯವನ್ನು ದೂರುತ್ತಿಲ್ಲ. ಸಭೆ ಕೇಳದಿದ್ದರೆ ಜನ ಕೇಳುವ ಕಿವಿ ಹುಡುಕಿಕೊಂಡು ಹೋಗುತ್ತಾರೆ, ಅದು ಸಹಜ. ನ್ಯಾಯಾಲಯಕ್ಕೆ ಇರುವ ಒಂದು ಗುಣ ಪಾಲಿಕೆಯ ಸಭೆಗೆ ಇಲ್ಲ ಎಂಬುದನ್ನು ಗಮನಿಸಬೇಕು. ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿದರೂ ಯಾಕೆ ತಳ್ಳಿಹಾಕಿದೆ ಎಂದು ಬರೆಯಲೇಬೇಕು. ಸೋತವನಿಗೂ ಕಾರಣ ಸಿಗುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಕಾದರೂ, ವಕೀಲರಿಗೆ ಶುಲ್ಕ ತೆತ್ತರೂ ಜನ ಅಲ್ಲಿಗೆ ಹೋಗುತ್ತಾರೆ. ಆದರೆ ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ? ನಗರದ ಕಾನೂನಿನ ಚರ್ಚೆ ಕೋರ್ಟಿಗೆ ಸ್ಥಳಾಂತರವಾದರೆ ವಕಾಲತ್ತು ಹಾಕುವ ಶಕ್ತಿ ಇದ್ದವರ ಮಾತಿಗೆ ಮಾತ್ರ ಉತ್ತರ ಸಿಗುತ್ತದೆ. ಮಂಡೂರಿನವರನ್ನೇ ನೋಡಿ. ಅವರು ಬೆಂಗಳೂರು ಪಾಲಿಕೆಯ ಮತದಾರರಲ್ಲ, ಪಾಲಿಕೆಯಲ್ಲಿ ಅವರಿಗೆ ಕಾರ್ಪೊರೇಟರ್ ಇರಲಿಲ್ಲ. ನಗರ ತನ್ನ ಕಸದ ಬಗ್ಗೆ ಮಾಡಿದ ಪ್ರತಿ ತೀರ್ಮಾನದ ನಾತ ಮಾತ್ರ ಅವರ ಮನೆಗೆ ಬರುತ್ತಿತ್ತು. 2014ರಲ್ಲಿ ಅವರು ಲಾರಿ ತಡೆದು ಕೂತರು. ಆ ವರ್ಷದ ನವೆಂಬರ್ ಮುಗಿದ ಮೇಲೆ ಕಸ ತರುವುದಿಲ್ಲ ಎಂಬ ಮಾತು ಸರ್ಕಾರದಿಂದ ಪಡೆದರು. ಬಾಧಿತರಾಗುವ ಸಂಭವವಿರುವ ಎಲ್ಲರ ಮಾಹಿತಿಗಾಗಿ ಎಂದು ಪ್ರಕಟಣೆಯಲ್ಲಿ ಬರೆಯುತ್ತೇವಲ್ಲ, ಆ 'ಎಲ್ಲರ' ಎಂಬ ಪದದೊಳಗೆ ಮಂಡೂರು ಸೇರುತ್ತದೋ ಇಲ್ಲವೋ ಎಂದು ಯಾವ ಉಪವಿಧಿಯೂ ಕೇಳಿಕೊಂಡಿಲ್ಲ.

ಇನ್ನು ಸಭೆಯೇ ಇಲ್ಲದ ಸ್ಥಿತಿ. 2015ರ ಆಗಸ್ಟ್‌ನಲ್ಲಿ ಚುನಾಯಿತವಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಅದು ಪಾಲಿಸಲೇಬೇಕಾದ ವಿಧಿ ಎಂದು ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಸ್ಪಷ್ಟಪಡಿಸಿದೆ. ಆದರೂ ವಾರ್ಡ್ ಮರುವಿಂಗಡಣೆ, ಮೀಸಲಾತಿ, ವ್ಯಾಜ್ಯ ಎಂದು ವರ್ಷಗಳು ಉರುಳಿದವು. ಕೆಂಪೇಗೌಡ ಪೌರಸಭಾಂಗಣದ ಕುರ್ಚಿಗಳು ಖಾಲಿ ಇದ್ದ ಅದೇ ಕಾಲದಲ್ಲಿ, 2025ರ ಏಪ್ರಿಲ್ 1ರಿಂದ, ಕಸ ವಿಲೇವಾರಿಯ ಬಳಕೆದಾರರ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿ ಬಂತು. ವಸತಿ ಕಟ್ಟಡಗಳಿಗೆ ಅಳತೆಯ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ. ಶುಲ್ಕ ಹಾಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಕಸ ಸಾಗಿಸುವುದಕ್ಕೆ ದುಡ್ಡು ಬೇಕು, ಅದನ್ನು ಕಸ ಮಾಡುವವರೇ ಕೊಡಬೇಕು. ಆದರೆ ಮನೆಯ ಚದರಡಿಯೇ ಕಸದ ಅಳತೆ ಹೇಗಾಗುತ್ತದೆ, ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಮುದುಕಿ ಸಣ್ಣ ಮನೆಯಲ್ಲಿರುವ ಎಂಟು ಜನರಿಗಿಂತ ಹೆಚ್ಚು ಕೊಡಬೇಕೆ, ವಿಂಗಡಿಸಿ ಗೊಬ್ಬರ ಮಾಡಿಕೊಳ್ಳುವ ಮನೆಗೆ ರಿಯಾಯಿತಿ ಎಷ್ಟು ಎಂಬ ಪ್ರಶ್ನೆಗಳನ್ನು ಎದ್ದುನಿಂತು ಕೇಳುವ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ, ಮೇಯರ್ ಪೀಠದಿಂದ ಉತ್ತರಿಸುವವರೂ ಇರಲಿಲ್ಲ. ಸಭೆಯ ಸ್ಥಾನದಲ್ಲಿ ಆಡಳಿತಾಧಿಕಾರಿ ಕೂತು, ವಿಷಯ ಮಂಡಿಸುವವರೂ ಒಪ್ಪುವವರೂ ಒಂದೇ ಕಚೇರಿಯವರಾದರೆ ನಡಾವಳಿ ಪುಸ್ತಕದಲ್ಲಿ ಚರ್ಚೆ ಎಂಬುದು ಉಳಿಯುವುದಾದರೂ ಹೇಗೆ?

ಇದಕ್ಕೆಲ್ಲ ಪರಿಹಾರವನ್ನು ದೂರದಲ್ಲಿ ಹುಡುಕುವ ಮೊದಲು ನಮ್ಮದೇ ಹಳೆಯ ಒಂದು ಸಂಸ್ಥೆಯನ್ನು ನೆನೆಯುವುದು ಒಳ್ಳೆಯದು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ, ದಸರೆಯ ಸಂದರ್ಭದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಮೊದಲ ಸಭೆಗೆ ಬಂದವರು 144 ಮಂದಿ. ಅದನ್ನು ಪ್ರಜಾಪ್ರಭುತ್ವ ಎಂದು ಹೊಗಳುವುದಕ್ಕೆ ನಾನು ಸಿದ್ಧನಿಲ್ಲ. ಬಂದವರು ಜಮೀನುದಾರರು, ವರ್ತಕರು. ಹೆಂಗಸರಿಲ್ಲ, ಮತ ಹಾಕಿ ತೀರ್ಮಾನಿಸುವ ಅಧಿಕಾರವೂ ಇಲ್ಲ. ಆದರೆ ಅಧಿಕಾರವಿಲ್ಲದ ಆ ಸಭೆಯಲ್ಲೂ ಒಂದು ಶಿಸ್ತು ಇತ್ತು. ಸದಸ್ಯರು ತಮ್ಮ ತಾಲ್ಲೂಕಿನ ಅಹವಾಲು ಹೇಳಬೇಕು, ದಿವಾನರ ಸರ್ಕಾರ ಅದೇ ಸಭೆಯ ಎದುರು ಮಾತಾಡಬೇಕು, ಆ ನಡಾವಳಿ ಅಚ್ಚಾಗಬೇಕು. 1923ರ ಸುಧಾರಣೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತುರ್ತು ಸಂದರ್ಭಗಳನ್ನು ಬಿಟ್ಟು ಯಾವುದೇ ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುಂಚೆ ಅದರ ಮೂಲತತ್ತ್ವದ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕು, ಹೊಸ ತೆರಿಗೆ ಹಾಕುವ ಮುಂಚೆಯೂ ಕೇಳಬೇಕು ಎಂದು ಗೊತ್ತುಮಾಡಲಾಯಿತು. 'ಮೂಲತತ್ತ್ವ' ಎಂಬ ಮಾತನ್ನು ಗಮನಿಸಿ. ಕರಡಿನ ಹದಿನೇಳನೆಯ ಖಂಡದ ಮೂರನೆಯ ಉಪಖಂಡದ ಬಗ್ಗೆ ಅಲ್ಲ, ಇಂಥ ಕಾನೂನು ಬೇಕೋ ಬೇಡವೋ ಎಂಬುದರ ಬಗ್ಗೆ. ರಾಜರ ಆಳ್ವಿಕೆಯಲ್ಲಿ ಸಾಧ್ಯವಾದದ್ದು ನೂರು ವರ್ಷದ ಮೇಲೆ ನಮ್ಮ ಪಾಲಿಕೆಗಳಲ್ಲಿ ಯಾಕೆ ಆಗದು?

ಬೇರೆ ಕಡೆಯ ಅನುಭವವೂ ಇದನ್ನೇ ಹೇಳುತ್ತದೆ, ಒಂದು ಎಚ್ಚರಿಕೆಯ ಜೊತೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1953ರ ಬ್ರೌನ್ ಕಾಯ್ದೆಯ ಪ್ರಕಾರ ನಗರಸಭೆಯ ಬಾಗಿಲು ತೆರೆದಿರಬೇಕು, ಕಾರ್ಯಸೂಚಿಯ ವಿಷಯ ತೀರ್ಮಾನವಾಗುವ ಮುಂಚೆ ಸಾರ್ವಜನಿಕರು ಅಲ್ಲೇ ಎದ್ದು ಮಾತಾಡಬಹುದು. ನಮ್ಮಲ್ಲಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತವರು ತುಟಿ ಬಿಚ್ಚುವಂತಿಲ್ಲ, ಆ ದೃಷ್ಟಿಯಿಂದ ಅದು ದೊಡ್ಡ ಮಾತು. ಆದರೆ ಅಲ್ಲೂ ಎರಡು ಮೂರು ನಿಮಿಷದ ಮೈಕು ಸಿಗುತ್ತದೆ, ಉತ್ತರ ಸಿಗಲೇಬೇಕೆಂದಿಲ್ಲ. ಧನ್ಯವಾದ ಹೇಳಿ ಮುಂದಿನವರನ್ನು ಕರೆಯಬಹುದು. ಮೈಕು ಕೊಟ್ಟ ಮಾತ್ರಕ್ಕೆ ಕಿವಿ ಕೊಟ್ಟಂತಾಗುವುದಿಲ್ಲ ಎಂಬುದು ಎಚ್ಚರಿಕೆ. ದಕ್ಷಿಣ ಆಫ್ರಿಕಾ ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿದೆ. ಅದರ 1996ರ ಸಂವಿಧಾನದ 160ನೆಯ ವಿಧಿಯಲ್ಲೇ ಬರೆದಿದೆ: ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಪ್ರಕಟಿಸದೆ ಯಾವ ಪುರಸಭೆಯೂ ಉಪವಿಧಿ ಅಂಗೀಕರಿಸುವಂತಿಲ್ಲ. ಉಪವಿಧಿಯ ಪೂರ್ವಪ್ರಕಟಣೆ ಸಂವಿಧಾನದ ಮಾತಾಗಿರುವುದು ವಿಶೇಷ. ಜನರನ್ನು ಒಳಗೊಳ್ಳುವ ಕರ್ತವ್ಯ ನೆರವೇರಿಲ್ಲ ಎಂಬ ಕಾರಣಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ 2006ರಲ್ಲಿ ಸಂಸತ್ತಿನ ಕಾಯ್ದೆಗಳನ್ನೇ ಅಸಿಂಧು ಎಂದು ಸಾರಿತು. ರಾಜ್ಯಪತ್ರದಲ್ಲಿ ಅಚ್ಚಾಗಿರುವುದೇ ನಿರ್ಣಾಯಕ ಪುರಾವೆ ಎಂಬ ನಮ್ಮ ಅಚ್ಚಿಗೂ ಇದಕ್ಕೂ ಇರುವ ಅಂತರವನ್ನು ನೀವೇ ಅಳೆಯಿರಿ. ನಮ್ಮ ಕೇಂದ್ರ ಸರ್ಕಾರವೂ 2014ರ ಫೆಬ್ರುವರಿಯಲ್ಲಿ ಶಾಸನಪೂರ್ವ ಸಮಾಲೋಚನಾ ನೀತಿಯೊಂದನ್ನು ಒಪ್ಪಿತು: ಕರಡು ಕನಿಷ್ಠ 30 ದಿನ ಜನರ ಮುಂದಿರಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಸಚಿವಾಲಯ ಪ್ರಕಟಿಸಬೇಕು. ಅದು ನೀತಿ ಮಾತ್ರ, ಕಾಯ್ದೆಯಲ್ಲ; ಎಷ್ಟೋ ಸಲ ಪಾಲನೆಯಾಗದೆ ಉಳಿದಿದೆ. ಆದರೂ ಸಾರಾಂಶ ಪ್ರಕಟಿಸಬೇಕೆಂಬ ಮಾತು ಕಾಗದದ ಮೇಲಾದರೂ ಇದೆ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಆಕ್ಷೇಪಣೆಗೆ ಉತ್ತರ ಕೊಡಬೇಕೆಂದು ವಾದಿಸುವವನು ತನ್ನ ಮೇಲಿನ ಆಕ್ಷೇಪಣೆಗೆ ಷರಾ ಬರೆದು ಮುಗಿಸುವಂತಿಲ್ಲವಲ್ಲ. ಮೊದಲನೆಯದು, ಕಾರ್ಪೊರೇಟರ್‌ನನ್ನು ಜನರೇ ಆರಿಸಿದ್ದಾರೆ, ಅವನ ತಲೆಯ ಮೇಲೆ ಮತ್ತೆ ಜನರನ್ನು ಕೂರಿಸುವುದೇಕೆ ಎಂಬುದು. ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಕೈ ಎತ್ತುವವನು ಅವನೇ, ಹೊಣೆಯೂ ಅವನದೇ. ಜನರ ಮಾತಿಗೆ ವಿರುದ್ಧವಾಗಿ ಕೈ ಎತ್ತುವ ಸ್ವಾತಂತ್ರ್ಯವೂ ಅವನಿಗಿರಬೇಕು, ಇಲ್ಲದಿದ್ದರೆ ಅವನು ಪ್ರತಿನಿಧಿಯಲ್ಲ, ಬರೀ ಪತ್ರವಾಹಕ. ನಾನು ಕೇಳುತ್ತಿರುವುದು ಒಂದೇ: ಎತ್ತುವ ಮುಂಚೆ ಆ ಮಾತು ಅವನ ಮೇಜಿನ ಮೇಲಿರಲಿ, ಒಪ್ಪದಿದ್ದರೆ ಯಾಕೆಂದು ನಡಾವಳಿಯಲ್ಲಿ ಇರಲಿ. ಇದು ಕಾರ್ಪೊರೇಟರ್‌ನ ಕೈ ಕಟ್ಟುವುದಿಲ್ಲ, ಬದಲಿಗೆ ಬಲ ಕೊಡುತ್ತದೆ. ಈಗ ಉಪವಿಧಿ ಎಂದರೆ ಅಧಿಕಾರಿಗಳು ಬರೆದು ತಂದ ಕಟ್ಟು. ಕಾರ್ಯಸೂಚಿಯ ನೂರಾರು ವಿಷಯಗಳ ನಡುವೆ ಅದೂ ಒಂದು. ವಾರ್ಡಿನಿಂದ ಬಂದ ನೆಟ್ಟಗಿನ ಪ್ರಶ್ನೆ ಕೈಯಲ್ಲಿದ್ದರೆ ಆಯುಕ್ತರನ್ನು ಕೇಳುವುದಕ್ಕೆ ಸದಸ್ಯನಿಗೂ ಬಾಯಿ ಬರುತ್ತದೆ.

ಎರಡನೆಯದು ತಡವಾಗುತ್ತದೆ ಎಂಬುದು. ಊರು ಉಸಿರುಗಟ್ಟುತ್ತಿರುವಾಗ ಚರ್ಚೆ ಮಾಡಿಕೊಂಡು ಕೂರಲಾದೀತೆ? ಈ ಪ್ರಶ್ನೆಗೆ ಲೆಕ್ಕವೇ ಉತ್ತರ. ಕಸದ ಉಪವಿಧಿಗೆ ಒಂದು ವರ್ಷದ ಗಡುವು ನಾಲ್ಕು ವರ್ಷವಾದದ್ದು ಜನ ಹೆಚ್ಚು ಮಾತಾಡಿದ್ದರಿಂದಲ್ಲ. ಫ್ಲೆಕ್ಸ್ ಹಾವಳಿಯದೂ ಇದೇ ಕಥೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸುಗಳು ಕೆಳಗಿಳಿದವು, ಕೌನ್ಸಿಲ್ ಜಾಹೀರಾತು ಫಲಕಗಳನ್ನು ಒಂದು ವರ್ಷ ನಿಷೇಧಿಸುವ ನಿರ್ಣಯ ಮಾಡಿತು, ಹೊಸ ಉಪವಿಧಿಯ ಕರಡು ಸಿದ್ಧವಾಯಿತು. ಊರಿನ ಆಕಾಶ ಮತ್ತೆ ಕಾಣುತ್ತಿದೆ ಎಂದು ಜನ ಸಂತೋಷಪಟ್ಟರು. ನಂತರದ ವರ್ಷಗಳಲ್ಲಿ ರಾಜ್ಯ ಸರ್ಕಾರವೇ ಜಾಹೀರಾತು ನಿಯಮಗಳನ್ನು ಬೇರೆ ದಿಕ್ಕಿನಲ್ಲಿ ರೂಪಿಸಲು ಹೊರಟಿತು. ತಡ ಆದದ್ದು ಪಾಲಿಕೆ, ನಗರಾಭಿವೃದ್ಧಿ ಇಲಾಖೆ, ನ್ಯಾಯಾಲಯಗಳ ನಡುವಿನ ಓಡಾಟದಲ್ಲಿ. ಅದರ ಮುಂದೆ ಮೂವತ್ತು ದಿನದ ಚರ್ಚೆ, ಹದಿನೈದು ದಿನದ ಉತ್ತರ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೂರನೆಯ ಆಕ್ಷೇಪಣೆ ಇವೆರಡಕ್ಕಿಂತ ಭಾರವಾದದ್ದು, ಅದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಸಭೆ ಕರೆದರೆ ಬರುವವರು ಯಾರು? ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು, ನಿವೃತ್ತರು, ಸ್ವಂತ ಮನೆಯವರು, ಇಂಗ್ಲಿಷ್ ಬಲ್ಲವರು. ಬಾಡಿಗೆಯವರು ಬರುವುದಿಲ್ಲ. ಬೆಳಗಿನ ಜಾವ ಬೀದಿ ಗುಡಿಸುವವರು, ತಳ್ಳುಗಾಡಿಯವರು, ಗಾರೆ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಶೆಡ್ಡಿನಲ್ಲಿ ಉಳಿದವರು ಬರುವುದಿಲ್ಲ. ಜನಾಭಿಪ್ರಾಯದ ಹೆಸರಿನಲ್ಲಿ ಬರುವುದು ಎಷ್ಟೋ ಸಲ 'ನಮ್ಮ ರಸ್ತೆಯಲ್ಲಿ ಬೇಡ' ಎಂಬ ಮಾತೇ. ಒಣ ಕಸ ಸಂಗ್ರಹಿಸುವ ಕೇಂದ್ರ ಬೇಕು, ಪಕ್ಕದ ರಸ್ತೆಯಲ್ಲಿರಲಿ. ಸೊಪ್ಪಿನವಳು ಬೇಕು, ಗೇಟಿನ ಮುಂದೆ ಕೂರುವುದು ಬೇಡ. ಇದು ನಿಜ. ಆದರೆ ಈಗಿನ ಪದ್ಧತಿ ಇದನ್ನು ತಡೆಯುತ್ತಿದೆಯೆ? ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದಾಗಲೇ ಬರೆಯಲಾರದವರನ್ನು ಹೊರಗಿಟ್ಟಾಯಿತು. ಜೊತೆಗೆ, ಕಾರಣ ಬರೆಯಬೇಕಾಗಿಲ್ಲದ ಕಡೆ ಪ್ರಭಾವಿಗಳ ಫೋನೇ ಕಾರಣವಾಗುತ್ತದೆ. ಉತ್ತರವನ್ನು ಬಹಿರಂಗವಾಗಿ ಬರೆಯಬೇಕಾದಾಗ 'ಸಂಘದವರಿಗೆ ಇಷ್ಟವಿಲ್ಲ' ಎಂಬುದನ್ನು ಕಾರಣವಾಗಿ ಬರೆಯಲು ಯಾವ ಅಧಿಕಾರಿಗೂ ಮುಜುಗರವಾಗುತ್ತದೆ. ಬರಲಾರದವರನ್ನು ಒಳತರುವುದಕ್ಕೂ ಕಾನೂನಿನಲ್ಲೇ ಒಂದು ಮಾದರಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಅಭಿಪ್ರಾಯ ಇದ್ದರೆ ಬಂದು ಹೇಳಿ ಎನ್ನುವುದು ಬೇರೆ, ಯಾರ ಹೊಟ್ಟೆಪಾಡಿನ ಪ್ರಶ್ನೆಯೋ ಅವರಿಗೆ ಕುರ್ಚಿ ಕಾದಿರಿಸುವುದು ಬೇರೆ. ಕಸದ ಉಪವಿಧಿ ಚರ್ಚೆಗೆ ಬರುವಾಗ ಪೌರಕಾರ್ಮಿಕರ ಅಭಿಪ್ರಾಯ ಕಡ್ಡಾಯ, ಅದನ್ನು ಅವರು ಕೆಲಸ ಮುಗಿಸುವ ಹೊತ್ತಿಗೆ, ಅವರು ಹಾಜರಿ ಹಾಕುವ ಮಸ್ಟರಿಂಗ್ ಜಾಗಕ್ಕೇ ಹೋಗಿ, ಬಾಯಿಮಾತಿನಲ್ಲೇ ಕೇಳಿ ಬರೆದುಕೊಳ್ಳಬೇಕು ಎಂದು ನಿಯಮ ಮಾಡುವುದಕ್ಕೆ ಯಾವ ಸಂವಿಧಾನ ತಿದ್ದುಪಡಿಯೂ ಬೇಕಾಗಿಲ್ಲ.

ಕಟ್ಟಡದ ಸುತ್ತ ಎಷ್ಟು ಜಾಗ ಬಿಡಬೇಕು, ನೆಲದಳತೆಯ ಅನುಪಾತ ಎಷ್ಟು ಎಂಬಂಥ ತಾಂತ್ರಿಕ ವಿಷಯಗಳಲ್ಲಿ ಸಾಮಾನ್ಯರಿಗೆ ಏನು ತಿಳಿಯುತ್ತದೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಕಟ್ಟಡ ಉಪವಿಧಿಗಳನ್ನು ಬರೆದವರು ತಜ್ಞರೇ, 2003ರಲ್ಲಿ. ಆಮೇಲೆ ಎಷ್ಟು ಉಲ್ಲಂಘನೆಯಾಯಿತೆಂದರೆ ಅದನ್ನು ಸಕ್ರಮ ಮಾಡುವುದಕ್ಕೇ ಒಂದು ಯೋಜನೆ ಬೇಕಾಯಿತು. ಅಕ್ರಮ ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಬೇಕಾಯಿತು. ಮೂವತ್ತು ನಲವತ್ತಡಿ ಸೈಟಿನಲ್ಲಿ ಮಧ್ಯಮವರ್ಗದ ಸಂಸಾರ ಹೇಗೆ ಮನೆ ಕಟ್ಟುತ್ತದೆ, ಮೇಲಿನ ಮಹಡಿಯ ಬಾಡಿಗೆ ಅದಕ್ಕೆ ಯಾಕೆ ಬೇಕು ಎಂಬುದನ್ನು ಕೇಳದೆ ಬರೆದ ಅಳತೆ ಪುಸ್ತಕದಲ್ಲೇ ಉಳಿಯಿತು. ದುರಾಸೆ ಇರಲಿಲ್ಲ ಎಂದು ಹೇಳುತ್ತಿಲ್ಲ, ಬೇಕಾದಷ್ಟಿತ್ತು. ಆದರೆ ದುರಾಸೆಯನ್ನೂ ಅಗತ್ಯವನ್ನೂ ಬೇರ್ಪಡಿಸಿ ನೋಡುವುದಕ್ಕೆ ಚರ್ಚೆ ಬಿಟ್ಟು ಬೇರೆ ಜರಡಿ ಇಲ್ಲ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡುಗಳು 369. ಎಲ್ಲದರ ಮೇಲೆ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಪ್ರಾಧಿಕಾರ. ಇದರಿಂದ ಪಾಲಿಕೆ ಜನರ ಹತ್ತಿರ ಬರುತ್ತದೋ ಅಧಿಕಾರ ವಿಧಾನಸೌಧದ ಹತ್ತಿರ ಹೋಗುತ್ತದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನನಗೆ ಆಸಕ್ತಿ ಇರುವುದು ಸಣ್ಣ ವಿಷಯದಲ್ಲಿ. ಐದೂ ಪಾಲಿಕೆಗಳು ಕಸ, ಕಟ್ಟಡ, ಫಲಕ, ಪಾರ್ಕಿಂಗ್, ನಾಯಿ ಎಲ್ಲದಕ್ಕೂ ತಮ್ಮ ತಮ್ಮ ಉಪವಿಧಿಗಳನ್ನು ಒಂದಲ್ಲ ಒಂದು ದಿನ ಬರೆದುಕೊಳ್ಳಬೇಕು. ಸಭೆ ನಡೆಸುವ ನಿಯಮಗಳನ್ನೂ ಬರೆದುಕೊಳ್ಳಬೇಕು. ಎರಡನೆಯದನ್ನು ಮೊದಲು ಬರೆಯಲಿ. ಕರಡು ಬರೆಯುವ ಮುಂಚೆ ವಿಷಯದ ಮೂಲತತ್ತ್ವ ಎರಡು ಪುಟದಲ್ಲಿ, ಮನೆಯಲ್ಲಿ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ, ವಾರ್ಡ್ ಸಮಿತಿಗೆ ಬರಲಿ. ಕರಡು ಒಂದು ಸಭೆಯಲ್ಲಿ ಮಂಡನೆಯಾಗಲಿ, ಇನ್ನೊಂದು ಸಭೆಯಲ್ಲಿ ತೀರ್ಮಾನವಾಗಲಿ, ನಡುವೆ ಒಂದು ತಿಂಗಳಿರಲಿ. ಎರಡನೆಯ ಸಭೆಯ ಕಾರ್ಯಸೂಚಿಯ ಜೊತೆ ಆಕ್ಷೇಪಣೆಗಳ ಪಟ್ಟಿ ಲಗತ್ತಾಗಿ ಬರಲಿ. ಒಂದೇ ಬಗೆಯ ನೂರು ಆಕ್ಷೇಪಣೆ ಇದ್ದರೆ ಒಟ್ಟುಗೂಡಿಸಿ ಒಂದೇ ಉತ್ತರ ಬರೆಯಲಿ, ತಪ್ಪಿಲ್ಲ. ಕ್ರಮಸಂಖ್ಯೆ, ಹೆಸರು, ಸಾರಾಂಶ, ಷರಾ, ಈಗಿರುವ ನಾಲ್ಕೇ ಕಾಲಂ ಸಾಕು. ಷರಾ ಕಾಲಂ ಮಾತ್ರ ಸ್ವಲ್ಪ ಅಗಲವಾಗಿರಲಿ, ಅದರಲ್ಲಿ 'ಪರಿಶೀಲಿಸಲಾಗಿದೆ' ಎಂದಷ್ಟೇ ಬರೆದ ಪಟ್ಟಿಯನ್ನು ಮೇಯರ್ ಸಭೆಗೆ ತೆಗೆದುಕೊಳ್ಳದೆ ಕಚೇರಿಗೆ ವಾಪಸು ಕಳಿಸಲಿ.